ನೀರುಚಿಗಟದ ಸಾಕ್ಷ್ಯ

17ನೇ ಶತಮಾನದಲ್ಲಿ ನೆದರ್‌ಲ್ಯಾಂಡ್ಸಿನ ಲೈಡನ್ ಪಟ್ಟಣದ ಜನ ಒಂದು ಬೆಳಗ್ಗೆ ಎದ್ದು ನೋಡಿದರೆ ನೀರು ರಕ್ತದಂತೆ ಕೆಂಪಾಗಿತ್ತು. ಊರೆಲ್ಲ ಗಾಬರಿಬಿತ್ತು. ಅಲ್ಲಿನ ಪ್ರಾಧ್ಯಾಪಕ ಫ್ಲೊರೆಂಟಿಯಸ್ ಸ್ಕೈಲ್ ಆ ನೀರನ್ನು ತರಿಸಿ ಪರೀಕ್ಷಿಸಿದಾಗ ಕಂಡದ್ದು ರಕ್ತವಲ್ಲ. ಲೆಕ್ಕವಿಲ್ಲದಷ್ಟು ಪುಟ್ಟ ಕೆಂಪು ಜೀವಿಗಳು. ಈ ಪ್ರಸಂಗವನ್ನು ಬರೆದಿಟ್ಟವನು ಯಾನ್ ಸ್ವಾಮರ್‌ಡಾಮ್. 1669ರಲ್ಲಿ ಅಚ್ಚಾದ ತನ್ನ ಕೀಟಗ್ರಂಥದಲ್ಲಿ ಆ ಜೀವಿಯನ್ನು ಅವನು ನೀರುಚಿಗಟ ಎಂದೇ ಕರೆದಿದ್ದ. ನೀರಿನಲ್ಲಿ ಆಮ್ಲಜನಕ ತಗ್ಗಿದಾಗ ನೀರುಚಿಗಟದ ಮೈಯಲ್ಲಿ ಹಿಮೋಗ್ಲೋಬಿನ್ ಹೆಚ್ಚುತ್ತದೆ, ಮೈ ಕೆಂಪೇರುತ್ತದೆ. ನೀರಿನ ಸ್ಥಿತಿಯನ್ನು ಅದು ತನ್ನ ಮೈಬಣ್ಣದಲ್ಲೇ ಹೇಳುತ್ತಿತ್ತು. ಅದನ್ನೇ ನೀರಿನ ಪರೀಕ್ಷಕನನ್ನಾಗಿ ನೇಮಿಸಿಕೊಳ್ಳುವ ಯೋಚನೆ ಮನುಷ್ಯನಿಗೆ ಬರಲು ಇನ್ನೂ ಎರಡೂವರೆ ಶತಮಾನ ಹಿಡಿಯಿತು.

ಈ ನೀರುಚಿಗಟಕ್ಕೆ ಡಾಫ್ನಿಯಾ ಎಂಬ ಹೆಸರು ಬಂದದ್ದು 1785ರಲ್ಲಿ, ಡೆನ್ಮಾರ್ಕಿನ ಓಟೊ ಫ್ರೆಡ್ರಿಕ್ ಮುಲ್ಲರ್‌ನಿಂದ. ಈ ಕುಲದ ದೊಡ್ಡ ಜಾತಿ ಡಾಫ್ನಿಯಾ ಮ್ಯಾಗ್ನ. ದೊಡ್ಡದು ಅಂದರೂ ಉದ್ದ ಹೆಚ್ಚೆಂದರೆ ಐದು ಮಿಲಿಮೀಟರ್. ಮೈ ಪಾರದರ್ಶಕವಾದ್ದರಿಂದ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬಡಿಯುವ ಹೃದಯ, ಪಾಚಿ ತಿಂದು ಹಸಿರಾದ ಕರುಳು, ಬೆನ್ನಿನ ಚೀಲದಲ್ಲಿ ಬೆಳೆಯುವ ಮರಿಗಳು ಎಲ್ಲವೂ ಕಾಣುತ್ತವೆ. 1884ರಲ್ಲಿ ಇಲ್ಯಾ ಮೆಚ್ನಿಕಾಫ್ ಈ ಪಾರದರ್ಶಕ ಮೈಯೊಳಗೆ ರಕ್ಷಕ ಕೋಶಗಳು ಶಿಲೀಂಧ್ರದ ಬೀಜಕಗಳನ್ನು ಮುತ್ತಿ ನುಂಗುವುದನ್ನು ಕಣ್ಣಾರೆ ನೋಡಿದ. ರೋಗನಿರೋಧಕ ವಿಜ್ಞಾನದ ಅಡಿಗಲ್ಲುಗಳಲ್ಲಿ ಅದೂ ಒಂದು.

ವಿಷ ಅಳೆಯುವವರಿಗೆ ಬೇಕಾದ ಇನ್ನೊಂದು ಗುಣವೂ ಇದರಲ್ಲಿತ್ತು. ಅನುಕೂಲ ಕಾಲದಲ್ಲಿ ಹೆಣ್ಣು ಡಾಫ್ನಿಯಾ ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ, ಆ ಮರಿಗಳೂ ಹೆಣ್ಣೇ, ತಾಯಿಯ ತದ್ರೂಪವೇ. ಒಂದೇ ತಾಯಿಯಿಂದ ಕೆಲವೇ ವಾರಗಳಲ್ಲಿ ಒಂದೇ ವಂಶಧಾತುವಿನ ನೂರಾರು ಪ್ರಾಣಿಗಳು ಗಾಜಿನ ಜಾಡಿಯಲ್ಲಿ ಸಿದ್ಧ. ಮೀನು ಸಾಕಲು ದೊಡ್ಡ ತೊಟ್ಟಿ ಬೇಕು, ತಿಂಗಳುಗಳು ಬೇಕು. ಸ್ವೀಡನ್ನಿನ ಸರೋವರ ವಿಜ್ಞಾನಿ ಐನಾರ್ ನೌಮನ್ 1930ರ ದಶಕದ ಆರಂಭದಲ್ಲಿ ಡಾಫ್ನಿಯಾ ಮ್ಯಾಗ್ನವನ್ನು ಪ್ರಯೋಗದ ಪ್ರಾಣಿಯಾಗಿ ಮುಂದಿಟ್ಟ. 1934ರಲ್ಲಿ ಅವನು ತೀರಿಕೊಂಡ. ಪ್ರಾಣಿ ಮಾತ್ರ ಪ್ರಯೋಗಾಲಯದಲ್ಲೇ ಉಳಿಯಿತು.

ಅಳೆಯುವ ಲೆಕ್ಕ ಬಂದದ್ದು ಬೇರೆ ದಾರಿಯಿಂದ. ಡಿಜಿಟಾಲಿಸ್, ಇನ್ಸುಲಿನ್‌ನಂಥ ಔಷಧಗಳ ಒಂದು ತಯಾರಿಕೆಯ ಬಲಕ್ಕೂ ಇನ್ನೊಂದರ ಬಲಕ್ಕೂ ತಾಳೆಯಾಗದೆ ವೈದ್ಯರು ಪರದಾಡುತ್ತಿದ್ದ ಕಾಲ ಅದು. ಎಷ್ಟು ಪ್ರಮಾಣಕ್ಕೆ ಮೊದಲ ಪ್ರಾಣಿ ಸಾಯುತ್ತದೆ, ಎಷ್ಟಕ್ಕೆ ಎಲ್ಲವೂ ಸಾಯುತ್ತವೆ ಎಂದು ನೋಡಿದರೆ ಉತ್ತರ ದಿನಕ್ಕೊಂದು ಬರುತ್ತದೆ. ಅರ್ಧದಷ್ಟು ಪ್ರಾಣಿಗಳು ಸಾಯುವ ಪ್ರಮಾಣವೇ ನೆಚ್ಚಬಹುದಾದ ಅಳತೆ ಎಂದು 1927ರಲ್ಲಿ ತೋರಿಸಿಕೊಟ್ಟವನು ಬ್ರಿಟನ್ನಿನ ಜೆ. ಡಬ್ಲ್ಯು. ಟ್ರೆವನ್. ತೀರ ಗಟ್ಟಿ ಜೀವವೂ ತೀರ ನಾಜೂಕು ಜೀವವೂ ಲೆಕ್ಕ ಕೆಡಿಸುತ್ತವೆ, ನಡುವಿನವು ಕೆಡಿಸುವುದಿಲ್ಲ. 1934ರಲ್ಲಿ ಅಮೆರಿಕದ ಚೆಸ್ಟರ್ ಬ್ಲಿಸ್ ಪ್ರೋಬಿಟ್ ವಿಧಾನ ಕೊಟ್ಟಮೇಲೆ, ಸೊಟ್ಟಗೆ ಏರುವ ಸಾವಿನ ರೇಖೆಯನ್ನು ನೆಟ್ಟಗೆ ಮಾಡಿ ಆ ನಡುಬಿಂದುವನ್ನು ಓದುವುದು ಸುಲಭವಾಯಿತು.

ಎರಡು ಎಳೆಗಳನ್ನೂ ಕಾರ್ಖಾನೆಯ ಕೊಳಕು ನೀರಿನ ಪ್ರಶ್ನೆಗೆ ತಂದು ಜೋಡಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಬರ್ಟಿಲ್ ಆಂಡರ್ಸನ್. ಅಮೆರಿಕದ ಈರಿ ಸರೋವರದ ನೀರಿನಲ್ಲಿ ಡಾಫ್ನಿಯಾಗಳನ್ನು ಬಿಟ್ಟು, ಕೈಗಾರಿಕಾ ತ್ಯಾಜ್ಯದಲ್ಲಿರುವ ಒಂದೊಂದೇ ರಾಸಾಯನಿಕ ಬೆರೆಸುತ್ತ ಅವು ಎಷ್ಟರಲ್ಲಿ ಸೋಲುತ್ತವೆಂದು ನೋಡಿದ. ಫಲಿತಾಂಶ 1944ರಲ್ಲಿ ಒಳಚರಂಡಿ ತಂತ್ರಜ್ಞರ ಪತ್ರಿಕೆಯಲ್ಲಿ ಬಂತು. ಮರುವರ್ಷ ಅವನು ಡಿಡಿಟಿಯನ್ನೂ ಪರೀಕ್ಷಿಸಿದ. ಡಿಡಿಟಿಯ ಕೀಟನಾಶಕ ಗುಣ ಕಂಡುಹಿಡಿದವನಿಗೆ ನೊಬೆಲ್ ಬರಲು ಆಗ ಇನ್ನೂ ಮೂರು ವರ್ಷವಿತ್ತು. ಡಿಡಿಟಿಯ ಅಪಾಯವನ್ನು ಮನೆಮನೆಗೆ ಮುಟ್ಟಿಸಿದ ರಾಚೆಲ್ ಕಾರ್ಸನ್‌ರ ಪುಸ್ತಕ ಬಂದದ್ದಂತೂ 1962ರಲ್ಲಿ.

ಆಂಡರ್ಸನ್ ನೋಡಿದ್ದು ಸಾವನ್ನಲ್ಲ, ಚಲನೆ ನಿಲ್ಲುವುದನ್ನು. ಪರೀಕ್ಷೆಯ ಜಾಣತನವೆಲ್ಲ ಇಲ್ಲೇ ಇದೆ. ಡಾಫ್ನಿಯಾ ತಳ ಸೇರಿದ ಮೇಲೂ ಹೃದಯ ಮೆಲ್ಲಗೆ ಬಡಿಯುತ್ತಿರಬಹುದು. ಸತ್ತಿದೆಯೋ ಇಲ್ಲವೋ ಎಂದು ಇಬ್ಬರು ಎರಡು ಮಾತು ಹೇಳಬಹುದು. ಈಜುತ್ತಿದೆಯೋ ಇಲ್ಲವೋ ಎಂಬುದಕ್ಕೆ ಬರಿಗಣ್ಣು ಸಾಕು. ಅಲ್ಲದೆ ಕೆರೆಯಲ್ಲಿ ಈಜಲಾರದ ನೀರುಚಿಗಟ ಉಳಿಯುವುದೂ ಇಲ್ಲ.

ಮುಂದಿನ ಕಥೆಯಲ್ಲಿ ಈರಿ ಸರೋವರ ಮತ್ತೆ ಬರುತ್ತದೆ. ಅದಕ್ಕೆ ಸೇರುವ ಕಯಹೋಗ ನದಿಯ ಮೇಲೆ ತೇಲುತ್ತಿದ್ದ ಎಣ್ಣೆ, ಕಸ 1969ರ ಜೂನ್ 22ರಂದು ಹೊತ್ತಿ ಉರಿಯಿತು. ನದಿ ಅದಕ್ಕೂ ಮುಂಚೆ ಹಲವು ಬಾರಿ ಉರಿದಿತ್ತು. ಈ ಬಾರಿ ದೇಶ ಸುಮ್ಮನಿರಲಿಲ್ಲ. 1970ರಲ್ಲಿ ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ, 1972ರಲ್ಲಿ ಶುದ್ಧ ನೀರಿನ ಕಾಯಿದೆ ಬಂದವು. ಅದೇ 1972ರಲ್ಲಿ ಬೀಸಿಂಗರ್ ಮತ್ತು ಕ್ರಿಸ್ಟೆನ್ಸನ್ ಲೋಹಗಳು ಡಾಫ್ನಿಯಾ ಮ್ಯಾಗ್ನದ ಉಳಿವು, ಬೆಳವಣಿಗೆ, ಸಂತಾನಗಳನ್ನು ಹೇಗೆ ಕಾಡುತ್ತವೆಂದು ಸುಪೀರಿಯರ್ ಸರೋವರದ ಮೃದು ನೀರಿನಲ್ಲಿ ಅಳೆದು ಪ್ರಕಟಿಸಿದರು. ನೀರು ಮೃದುವೋ ಗಡಸೋ ಎಂಬುದು ಇಲ್ಲಿ ಸಣ್ಣ ಮಾತಲ್ಲ. ಅಷ್ಟೇ ತಾಮ್ರ ಮೃದು ನೀರಿನಲ್ಲಿ ಕೊಲ್ಲುತ್ತದೆ, ಗಡಸು ನೀರಿನಲ್ಲಿ ಕೊಲ್ಲದೆಯೂ ಇರಬಹುದು.

ಅಟ್ಲಾಂಟಿಕ್‌ನ ಆಚೆಬದಿಯಲ್ಲೂ 1979ರ ನಿರ್ದೇಶನದ ಮೂಲಕ ಯುರೋಪ್ ಹೊಸ ರಾಸಾಯನಿಕಗಳಿಗೆ ಡಾಫ್ನಿಯಾ ಪರೀಕ್ಷೆ ವಿಧಿಸಿತು. 1981ರಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಒಇಸಿಡಿ) ತನ್ನ ಮಾರ್ಗಸೂಚಿ 202 ಹೊರಡಿಸಿತು. ಸದಸ್ಯ ದೇಶಗಳಿಗೆಲ್ಲ ಒಂದೇ ಪರೀಕ್ಷಾವಿಧಿ. ಅದರ ಈಗಿನ ರೂಪ 2004ರದ್ದು.

ಆ ವಿಧಿ ನಡೆಯುವ ಮೇಜು ಹೀಗಿರುತ್ತದೆ. ಹುಟ್ಟಿ 24 ಗಂಟೆ ತುಂಬದ ಮರಿಗಳು. ಒಂದೊಂದು ಬೀಕರ್‌ನಲ್ಲಿ ಐದು, ಅಂಥ ನಾಲ್ಕು ಬೀಕರ್. ಹೀಗೆ ರಾಸಾಯನಿಕದ ಒಂದೊಂದು ಸಾಂದ್ರತೆಗೆ ಇಪ್ಪತ್ತು ಪ್ರಾಣಿ. ಸಾಂದ್ರತೆಗಳು ಕನಿಷ್ಠ ಐದು, ಜೊತೆಗೆ ರಾಸಾಯನಿಕವಿಲ್ಲದ ಬರೀ ನೀರಿನ ಸಾಲು. ಉಷ್ಣತೆ 18ರಿಂದ 22 ಡಿಗ್ರಿ. ಊಟವಿಲ್ಲ, ಪಾಚಿ ಹಾಕಿದರೆ ವಿಷ ಅದಕ್ಕೆ ಅಂಟಿ ಲೆಕ್ಕ ತಪ್ಪುತ್ತದೆ. 24ನೇ ಗಂಟೆಗೊಮ್ಮೆ, 48ನೇ ಗಂಟೆಗೊಮ್ಮೆ ಬೀಕರನ್ನು ಮೆಲ್ಲಗೆ ಅಲುಗಿಸಿ ಹದಿನೈದು ಸೆಕೆಂಡು ಕಾಯುತ್ತಾರೆ. ಅಷ್ಟರಲ್ಲಿ ಈಜದ ಪ್ರಾಣಿ, ಸ್ಪರ್ಶಾಂಗ ಅಲ್ಲಾಡುತ್ತಿದ್ದರೂ, ನಿಶ್ಚಲವೆಂದೇ ಲೆಕ್ಕ. ಬರೀ ನೀರಿನಲ್ಲೇ ನೂರಕ್ಕೆ ಹತ್ತಕ್ಕಿಂತ ಹೆಚ್ಚು ನಿಶ್ಚಲವಾದರೆ ಇಡೀ ಪರೀಕ್ಷೆ ರದ್ದು. ಜಾಡಿಯ ಸಂತತಿ ಸರಿಯಾಗಿದೆಯೇ ಎಂದು ತಿಳಿಯಲು ಆಗಾಗ ಪೊಟ್ಯಾಸಿಯಂ ಡೈಕ್ರೋಮೇಟ್ ಕೊಟ್ಟು ನೋಡುತ್ತಾರೆ. ಅದರ ಫಲಿತಾಂಶ ಗೊತ್ತಿರುವ ಮಿತಿಯೊಳಗೆ ಬರಬೇಕು.

ಭಾರತದ ನಿಯಮದಲ್ಲಿ ಈ ಸಾಕ್ಷಿಯ ಸ್ಥಾನ ಮೀನಿಗೆ ಸಿಕ್ಕಿದೆ. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ, ಕಾರ್ಖಾನೆ ಹೊರಬಿಡುವ ನೀರಿಗೆ ಏನೂ ಬೆರೆಸದೆ ಮೀನು ಬಿಟ್ಟರೆ 96 ಗಂಟೆಗಳ ನಂತರ ನೂರಕ್ಕೆ ತೊಂಬತ್ತು ಬದುಕಿರಬೇಕು. ಯುರೋಪಿನಲ್ಲಿ 2007ರಿಂದ ಜಾರಿಯಲ್ಲಿರುವ ರೀಚ್ ಕಾನೂನು, ವರ್ಷಕ್ಕೆ ಒಂದು ಟನ್ ತಯಾರಾಗುವ ರಾಸಾಯನಿಕಕ್ಕೂ ಅಲ್ಪಾವಧಿಯ ಡಾಫ್ನಿಯಾ ಮಾಹಿತಿ ಕೇಳುತ್ತದೆ. ಮೀನಿನ ಸರದಿ ಬರುವುದು ಪ್ರಮಾಣ ಹತ್ತು ಟನ್ ಮುಟ್ಟಿದಾಗ. ರಾಸಾಯನಿಕದ ಡಬ್ಬಿಯ ಮೇಲೆ ಸತ್ತ ಮೀನು, ಬೋಳು ಮರದ ಚಿತ್ರ ಇದ್ದರೆ, ಅದರ ಹಿಂದೆ ಎಷ್ಟೋ ಸಲ ಈ ಬೀಕರ್‌ಗಳ ಲೆಕ್ಕವಿರುತ್ತದೆ. ಅರ್ಧದಷ್ಟು ಡಾಫ್ನಿಯಾಗಳನ್ನು ನಿಲ್ಲಿಸಲು ಲೀಟರಿಗೆ ಒಂದು ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಸಾಕಾದರೆ ಆ ಚಿತ್ರ ಅಂಟುತ್ತದೆ.

ಆದರೆ ಒಂದೇ ಪ್ರಾಣಿಯ ಮೇಲೆ ಇಷ್ಟು ಭಾರ ಹೊರಿಸಿದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು. 1990ರ ಸುಮಾರಿಗೆ ಬ್ರಿಟನ್ನಿನ ಡೊನಾಲ್ಡ್ ಬೇರ್ಡ್ ಮತ್ತು ಸಂಗಡಿಗರು ಬೇರೆಬೇರೆ ವಂಶದ ಡಾಫ್ನಿಯಾಗಳಿಗೆ ಕ್ಯಾಡ್ಮಿಯಂ ಕೊಟ್ಟಾಗ ಅವುಗಳ ತಾಳಿಕೆಯಲ್ಲಿ ಭಾರೀ ಅಂತರ ಕಂಡಿತು. ತದ್ರೂಪಿ ಪ್ರಾಣಿಗಳೆಂಬ ಅನುಕೂಲವೇ ಇಲ್ಲಿ ತೊಡಕಾಗಿತ್ತು. ಇನ್ನೂ ದೊಡ್ಡ ಪೆಟ್ಟು ಕೊಟ್ಟದ್ದು ಇಮಿಡಾಕ್ಲೋಪ್ರಿಡ್. 1990ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಈ ಕೀಟನಾಶಕ ಇಂದು ನಮ್ಮ ಹತ್ತಿ, ಭತ್ತದ ಹೊಲಗಳಿಗೂ ಪರಿಚಿತ. ಡಾಫ್ನಿಯಾ ಮ್ಯಾಗ್ನಗಳಲ್ಲಿ ಅರ್ಧದಷ್ಟನ್ನು ನಿಲ್ಲಿಸಲು ಲೀಟರಿಗೆ ಹತ್ತಾರು ಮಿಲಿಗ್ರಾಂ ಬೇಕಾಯಿತು. ಅದೇ ನೀರಿನ ಮೇಫ್ಲೈ ಮರಿಗಳು, ಕೈರೊನೊಮಸ್ ನೊಣದ ಮರಿಗಳು ಮೈಕ್ರೊಗ್ರಾಂಗಳಲ್ಲೇ ಸೋತುಹೋದವು. ಅಂದರೆ ಸಾವಿರಾರು ಪಟ್ಟು ಕಡಿಮೆಯಲ್ಲಿ. ಕೀಟದ ನರವ್ಯೂಹವನ್ನೇ ಗುರಿಯಿಟ್ಟು ಮಾಡಿದ ವಿಷವನ್ನು ಕೀಟವಲ್ಲದ ಕಠಿಣಚರ್ಮಿಯ ಮೇಲೆ ಪರೀಕ್ಷಿಸಿ ನಿಶ್ಚಿಂತರಾಗಿದ್ದು ಪ್ರಾಣಿಯ ತಪ್ಪಲ್ಲ, ಪ್ರಶ್ನೆ ಕೇಳಿದವರ ತಪ್ಪು.

2011ರಲ್ಲಿ ಒಇಸಿಡಿ ಮಾರ್ಗಸೂಚಿ 235 ಹೊರಡಿಸಿತು. ಅದರಲ್ಲಿ ಬೀಕರ್‌ಗೆ ಇಳಿಯುವುದು ಕೈರೊನೊಮಸ್‌ನ ಮೊದಲ ಹಂತದ ಮರಿ. ಅವಧಿ ಅದೇ 48 ಗಂಟೆ. ಬೀಕರನ್ನು ಅಲುಗಿಸುವ ಬದಲು ಪಿಪೆಟ್ಟಿನಿಂದ ನೀರನ್ನು ಮೆಲ್ಲಗೆ ಹಾಯಿಸುತ್ತಾರೆ, ಹದಿನೈದು ಸೆಕೆಂಡಿನೊಳಗೆ ಮರಿ ಜಾಗ ಬದಲಿಸಿತೇ ಎಂದು ನೋಡುತ್ತಾರೆ.