ದೇಶದ ಹೆಸರಿನಲ್ಲಿ ಕಾರಿನ ಗುಣ: ಬಾಳಿಕೆಯನ್ನು ಅಳೆದ ಚರಿತ್ರೆ

ಜಪಾನಿನ ಕಾರು ಕೈಕೊಡುವುದಿಲ್ಲ, ಜರ್ಮನಿಯದು ಗಟ್ಟಿ, ಇಟಲಿಯದಕ್ಕೆ ಬೇಗ ತುಕ್ಕು ಹಿಡಿಯುತ್ತದೆ, ಕೊರಿಯಾದ್ದು ಅಗ್ಗ. ಕಾರು ಕೊಳ್ಳಲು ಹೊರಟವರ ನಡುವೆ ಈ ಮಾತುಗಳು ಇಂದಿಗೂ ನಡೆಯುತ್ತವೆ. ಇವು ಬರೀ ಬಾಯಿಮಾತಲ್ಲ. ದೇಶದೇಶಗಳ ಕಾರುಗಳ ನಡುವೆ ಒಂದು ಕಾಲಕ್ಕೆ ಅಳೆದು ತೋರಿಸಬಹುದಾದಷ್ಟು ಅಂತರವಿತ್ತು. ಆ ಅಂತರದ ಬೇರು ಕಾರ್ಖಾನೆಯನ್ನು ನಡೆಸುವ ಕ್ರಮದಲ್ಲಿತ್ತು ಎಂಬುದೂ, ಆ ಕ್ರಮ ಗಡಿ ದಾಟಿದ ಮೇಲೂ ಹಳೆಯ ಹೆಸರುಗಳೇ ಜನರ ಮನಸ್ಸಿನಲ್ಲಿ ಉಳಿದವು ಎಂಬುದೂ ಈ ಲೇಖನದ ವಾದ.

ಜಪಾನಿನಿಂದಲೇ ಆರಂಭಿಸುವುದು ಸೂಕ್ತ. 1957ರಲ್ಲಿ ಟೊಯೋಟಾ ತನ್ನ ಟೊಯೊಪೆಟ್ ಕ್ರೌನ್ ಕಾರನ್ನು ಅಮೆರಿಕಕ್ಕೆ ಕಳಿಸಿತು. 1958ರಲ್ಲಿ ಅಲ್ಲಿ ಮಾರಾಟವಾದ ಕ್ರೌನ್‌ಗಳು 287, ಜೊತೆಗೆ ಒಂದು ಲ್ಯಾಂಡ್ ಕ್ರೂಸರ್. ಜಪಾನಿನ ಹಾಳು ರಸ್ತೆಗಳಿಗೆಂದು ಗಟ್ಟಿಯಾಗಿ ಕಟ್ಟಿದ ಭಾರದ ಕಾರು ಅದು. ಅಮೆರಿಕದ ಹೆದ್ದಾರಿಯ ದೀರ್ಘ ವೇಗಕ್ಕೆ ಅದರ ಎಂಜಿನ್‌ನ ಶಕ್ತಿ ಸಾಲಲಿಲ್ಲ. 1960ರ ಕೊನೆಗೆ ಕಂಪನಿ ಕಾರುಗಳ ರಫ್ತನ್ನು ನಿಲ್ಲಿಸಿ, 1965ರಲ್ಲಿ ಕೊರೊನಾದೊಂದಿಗೆ ಮರಳಿತು. ಗುಣಮಟ್ಟ ಜಪಾನೀಯರ ರಕ್ತದಲ್ಲೇ ಇದೆ ಎನ್ನುವವರು ಈ ಎಂಟು ವರ್ಷಗಳನ್ನು ಗಮನಿಸಬೇಕು.

ಆ ವೇಳೆಗೆ ಜಪಾನಿನಲ್ಲಿ ಬೇರೊಂದು ಕೆಲಸ ನಡೆದಿತ್ತು. 1950ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅಲ್ಲಿನ ವಿಜ್ಞಾನಿ ಮತ್ತು ಎಂಜಿನಿಯರುಗಳ ಒಕ್ಕೂಟದ ಆಹ್ವಾನದ ಮೇಲೆ ಉಪನ್ಯಾಸಗಳನ್ನು ಕೊಟ್ಟರು. ಮರುವರ್ಷ ಅವರ ಹೆಸರಿನ ಪ್ರಶಸ್ತಿ ಆರಂಭವಾಯಿತು, 1954ರಲ್ಲಿ ಗುಣಮಟ್ಟದ ತಜ್ಞ ಜೋಸೆಫ್ ಜುರಾನ್ ಬಂದರು, 1965ರಲ್ಲಿ ಡೆಮಿಂಗ್ ಪ್ರಶಸ್ತಿ ಟೊಯೋಟಾಕ್ಕೆ ಸಂದಿತು. ಇದಕ್ಕೆ ದೇಶೀ ಬೇರೊಂದೂ ಇತ್ತು. ಸಾಕಿಚಿ ಟೊಯೋಡ ರೂಪಿಸಿದ ಮಗ್ಗದಲ್ಲಿ ನೂಲು ಹರಿದರೆ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಟೊಯೋಟಾದ ತೈಚಿ ಓನೊ ಈ ತತ್ವವನ್ನು ಕಾರಿನ ಜೋಡಣಾ ಸಾಲಿಗೆ ತಂದರು. ದೋಷ ಕಂಡ ಕೆಲಸಗಾರ ಹಗ್ಗ ಎಳೆಯಬೇಕು, ಅಲ್ಲೇ ಸರಿಯಾಗದಿದ್ದರೆ ಸಾಲು ನಿಲ್ಲಬೇಕು. ಡೆಟ್ರಾಯಿಟ್‌ನ ಕಾರ್ಖಾನೆಗಳಲ್ಲಿ ಸಾಲನ್ನು ನಿಲ್ಲಿಸುವುದು ಅಪರಾಧವೆನಿಸಿದ್ದ ಕಾಲದಲ್ಲಿ ಇದು ನಡೆಯಿತು.

ಕೆಲಸದ ಕ್ರಮ ಮುಖ್ಯವೋ, ಜನಾಂಗದ ಸ್ವಭಾವ ಮುಖ್ಯವೋ? ಈ ಪ್ರಶ್ನೆಗೆ ಚರಿತ್ರೆಯೇ ಒಂದು ಪ್ರಯೋಗವನ್ನು ಒದಗಿಸಿತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರ್ಖಾನೆಯೊಂದಿತ್ತು. ಗೈರುಹಾಜರಿ, ಮುಷ್ಕರ, ಕಳಪೆ ಕೆಲಸಕ್ಕೆ ಹೆಸರಾಗಿದ್ದ ಅದು 1982ರಲ್ಲಿ ಮುಚ್ಚಿತು. ಎರಡು ವರ್ಷಗಳ ನಂತರ ಅದೇ ಕಟ್ಟಡದಲ್ಲಿ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಜಂಟಿಯಾಗಿ ನುಮ್ಮಿ ಎಂಬ ಕಂಪನಿಯನ್ನು ನಡೆಸತೊಡಗಿದವು. ಕಾರ್ಮಿಕರಲ್ಲಿ ಬಹುಪಾಲು ಹಳಬರೇ, ಕಾರ್ಮಿಕ ಸಂಘವೂ ಹಳೆಯದೇ. ಬದಲಾದದ್ದು ಆಡಳಿತ ಮತ್ತು ಕೆಲಸದ ರೀತಿ. ಗುಂಪು ನಾಯಕರಾಗಿ ಆಯ್ಕೆಯಾದವರು ಜಪಾನಿನ ತಕಾವೊಕ ಕಾರ್ಖಾನೆಗೆ ಹೋಗಿ ಕಲಿತು ಬಂದರು.

ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 1986ರ ಸುಮಾರಿಗೆ ಮೂರು ಕಾರ್ಖಾನೆಗಳನ್ನು ಅಳೆದರು. ಮೆಸಾಚುಸೆಟ್ಸ್‌ನಲ್ಲೇ ಇದ್ದ ಜನರಲ್ ಮೋಟಾರ್ಸ್‌ನ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿ ಒಂದು ಕಾರಿನ ಜೋಡಣೆಗೆ 31 ಗಂಟೆ ಹಿಡಿಯುತ್ತಿತ್ತು, 100 ಕಾರುಗಳಿಗೆ 130 ದೋಷಗಳಿದ್ದವು. ತಕಾವೊಕದಲ್ಲಿ 16 ಗಂಟೆ, 45 ದೋಷ. ಫ್ರೀಮಾಂಟ್‌ನಲ್ಲಿ 19 ಗಂಟೆ, ದೋಷ ಅಲ್ಲೂ 45. ಅಮೆರಿಕದ ಅದೇ ಕೈಗಳು ಜಪಾನಿನಷ್ಟೇ ಒಳ್ಳೆಯ ಕಾರು ಕಟ್ಟಿದವು. ವಾಹನೋದ್ಯಮದ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾನು ಕಂಡಿಲ್ಲ.

ಇದೇ ತಂಡದ ಜೇಮ್ಸ್ ವೊಮಾಕ್, ಡೇನಿಯಲ್ ಜೋನ್ಸ್, ಡೇನಿಯಲ್ ರೂಸ್ 1990ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ 100 ಕಾರುಗಳಿಗೆ ಜೋಡಣೆಯ ದೋಷಗಳ ಸರಾಸರಿ ಜಪಾನಿನಲ್ಲಿ 60, ಉತ್ತರ ಅಮೆರಿಕದ ಜಪಾನೀ ಕಾರ್ಖಾನೆಗಳಲ್ಲಿ 65, ಅಲ್ಲಿನ ಅಮೆರಿಕನ್ ಕಾರ್ಖಾನೆಗಳಲ್ಲಿ 82.3, ಯುರೋಪಿನಲ್ಲಿ 97. ಜರ್ಮನಿಯ ಐಷಾರಾಮಿ ಕಾರಿನ ಕಾರ್ಖಾನೆಯೊಂದರಲ್ಲಿ ಅವರು ಕಂಡದ್ದು ಇನ್ನೂ ಕುತೂಹಲಕರ. ಒಟ್ಟು ಜೋಡಣಾ ಶ್ರಮದ ಮೂರನೆಯ ಒಂದು ಭಾಗ ಸಾಲಿನ ಕೊನೆಯಲ್ಲಿ ತಪ್ಪು ತಿದ್ದುವುದಕ್ಕೇ ಹೋಗುತ್ತಿತ್ತು. ನುರಿತ ಕುಶಲಕರ್ಮಿಗಳು ತಿದ್ದಿ ತೀಡಿದ ಕಾರು ಕೊನೆಗೆ ಚೆನ್ನಾಗಿಯೇ ಹೊರಬರುತ್ತಿತ್ತು. ಆದರೆ ಆ ಗುಣಕ್ಕೆ ತೆತ್ತ ಬೆಲೆ ಅಪಾರ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಅಂಕಿಗಳು ಕೊಂಡ ಮೊದಲ ಮೂರು ತಿಂಗಳಲ್ಲಿ ಮಾಲೀಕರು ಹೇಳಿದ ದೋಷಗಳವು. ಹತ್ತು ವರ್ಷದ ಬಾಳಿಕೆಯನ್ನು ಇವು ಹೇಳುವುದಿಲ್ಲ.

ಬ್ರಿಟನ್ನಿನ ಕಥೆ ಹೆಚ್ಚಾಗಿ ಆಡಳಿತದ ಸೋಲು. 1968ರಲ್ಲಿ ರೂಪುಗೊಂಡ ಬ್ರಿಟಿಷ್ ಲೇಲ್ಯಾಂಡ್ 1975ರಲ್ಲಿ ಸರ್ಕಾರದ ಕೈಗೆ ಬಂತು. ಇಟಲಿಯ ಲಾನ್ಸಿಯಾಕ್ಕೆ ತುಕ್ಕೇ ಮುಳುವಾಯಿತು. ತುಕ್ಕು ತಿಂದ ಬೀಟಾ ಕಾರುಗಳನ್ನು 1980ರಲ್ಲಿ ಅದು ಬ್ರಿಟನ್ನಿನ ಮಾಲೀಕರಿಂದ ಮರಳಿ ಕೊಳ್ಳಬೇಕಾಯಿತು. ಕಳೆದುಕೊಂಡ ಹೆಸರನ್ನು ಮರಳಿ ಪಡೆಯಲಾಗದೆ 1994ರಲ್ಲಿ ಆ ಮಾರುಕಟ್ಟೆಯನ್ನೇ ಬಿಟ್ಟಿತು.

ಹೆಸರು ಒಮ್ಮೆ ಅಂಟಿದರೆ ಬೇಗ ಬಿಡುವುದಿಲ್ಲ ಎಂಬುದಕ್ಕೆ ಫ್ರೀಮಾಂಟ್‌ನಲ್ಲೇ ಇನ್ನೊಂದು ಸಾಕ್ಷಿಯಿದೆ. ಟೊಯೋಟಾ ಕೊರೊಲ್ಲಾ ಮತ್ತು ಜನರಲ್ ಮೋಟಾರ್ಸ್‌ನ ಜಿಯೊ ಪ್ರಿಜ್ಮ್ ಅಲ್ಲಿ ಒಂದೇ ಸಾಲಿನಲ್ಲಿ, ಬಹುತೇಕ ಒಂದೇ ಬಿಡಿಭಾಗಗಳಿಂದ ತಯಾರಾದವು. ಆದರೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕೊರೊಲ್ಲಾಗೆ ಹೆಚ್ಚು ಬೆಲೆ ಬರುತ್ತಿತ್ತು. ಕಾರಿನ ಒಳಗುಣ ಕೊಳ್ಳುವವನಿಗೆ ಕಾಣದು. ಹಳೆಯ ಕಾರುಗಳ ಮಾರುಕಟ್ಟೆಯ ಈ ಕೊರತೆಯನ್ನೇ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲೋಫ್ 1970ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಿಶ್ಲೇಷಿಸಿದ್ದರು. ಕಾಣದ್ದನ್ನು ಜನ ಹೆಸರು ನೋಡಿ ಅಂದಾಜು ಮಾಡುತ್ತಾರೆ.

ಕೆಟ್ಟ ಹೆಸರನ್ನು ತೊಳೆದುಕೊಂಡವರೂ ಇದ್ದಾರೆ. 1986ರಲ್ಲಿ ಅಮೆರಿಕಕ್ಕೆ ಹೋದ ಹ್ಯುಂಡೈ ಎಕ್ಸೆಲ್ ಮೊದಲ ವರ್ಷವೇ 1,68,882 ಮಾರಾಟವಾಯಿತು. ಕೆಲವೇ ವರ್ಷಗಳಲ್ಲಿ ರಿಪೇರಿಯ ದೂರುಗಳಿಂದ ಹೆಸರು ಕೆಟ್ಟಿತು. 1998ರಲ್ಲಿ ಕಂಪನಿ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ 10 ವರ್ಷ ಅಥವಾ 1 ಲಕ್ಷ ಮೈಲಿಯ ವಾರಂಟಿ ಘೋಷಿಸಿತು. ಅಂಥ ವಾರಂಟಿ ಕೊಟ್ಟ ಮೇಲೆ ದೋಷದ ಖರ್ಚೆಲ್ಲ ತಯಾರಕನ ತಲೆಗೇ ಬರುವುದರಿಂದ ಕಾರ್ಖಾನೆ ತಿದ್ದಿಕೊಳ್ಳದೆ ವಿಧಿಯಿರಲಿಲ್ಲ. ಜೆ.ಡಿ. ಪವರ್ ಸಂಸ್ಥೆಯ ಆರಂಭಿಕ ಗುಣಮಟ್ಟದ ಸಮೀಕ್ಷೆಯಲ್ಲಿ 1998ರಲ್ಲಿ 100 ಕಾರಿಗೆ 272 ಇದ್ದ ಹ್ಯುಂಡೈಯ ದೋಷಗಳು 2004ರಲ್ಲಿ 102ಕ್ಕೆ ಇಳಿದವು. ಕೊರಿಯಾ ದೇಶ ಆರು ವರ್ಷಗಳಲ್ಲಿ ಬದಲಾಗಿರಲಿಲ್ಲ.

ಅಳತೆಗೋಲುಗಳನ್ನೂ ಪರೀಕ್ಷಿಸಬೇಕು. 2011ರಲ್ಲಿ ಜೆ.ಡಿ. ಪವರ್ ಸಮೀಕ್ಷೆಯಲ್ಲಿ ಫೋರ್ಡ್ 5ನೆಯ ಸ್ಥಾನದಿಂದ 23ಕ್ಕೆ ಕುಸಿಯಿತು. ಟಚ್‌ಸ್ಕ್ರೀನ್ ಬಗೆಗಿನ ದೂರುಗಳು ಅದಕ್ಕೆ ದೊಡ್ಡ ಕಾರಣ. ಪರದೆ ಸತಾಯಿಸುವುದೂ ಕಾರು ದಾರಿಯಲ್ಲಿ ನಿಲ್ಲುವುದೂ ಆ ಲೆಕ್ಕದಲ್ಲಿ ತಲಾ ಒಂದೊಂದು ದೋಷ. ಜರ್ಮನಿಯ ವಾಹನ ಮಾಲೀಕರ ಸಂಘವಾದ ಎಡಿಎಸಿ ದಾರಿಯಲ್ಲಿ ನಿಂತ ಕಾರುಗಳನ್ನು ಎಣಿಸುತ್ತದೆ. ಅಲ್ಲಿ ಅತಿ ಹೆಚ್ಚು ಬಾರಿ ಕಾಣುವ ಕಾರಣ ಬ್ಯಾಟರಿ. ಅದೇ ದೇಶದ ಟ್ಯುವ್ ಸಂಸ್ಥೆಗಳ ವರದಿ ವಾಹನಗಳ ಕಡ್ಡಾಯ ತಪಾಸಣೆಯ ಫಲಿತಾಂಶದಿಂದ ತಯಾರಾಗುತ್ತದೆ. ಅದರಲ್ಲಿ ಪೋರ್ಷೆ 911 ಹಲವು ಬಾರಿ ಮೇಲಿನ ಸ್ಥಾನ ಪಡೆದಿದೆ. ಅಂಥ ಕಾರು ಓಡುವುದೇ ಕಡಿಮೆ, ಆರೈಕೆಯೂ ಹೆಚ್ಚು ಎಂಬುದನ್ನು ಮರೆತು ಆ ಪಟ್ಟಿಯನ್ನು ಓದಬಾರದು.

ಭಾರತದಲ್ಲಿ ಬಹುಕಾಲ ಬಾಳಿಕೆ ಎಂದರೆ ಬೇರೆಯೇ ಅರ್ಥವಿತ್ತು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿ 2014ರವರೆಗೂ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್ ಆಗಾಗ ಕೆಡುತ್ತಿತ್ತು. ಆದರೆ ಯಾವ ಊರಿನ ಗ್ಯಾರೇಜಿನಲ್ಲಾದರೂ ಅದು ರಿಪೇರಿಯಾಗುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೆಡದೆ ಓಡುವ ಕಾರಿನ ಅನುಭವವನ್ನು ಮಧ್ಯಮ ವರ್ಗಕ್ಕೆ ಕೊಟ್ಟಿತು. 1999ರ ಕೊನೆಗೆ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಕ್ವಾಲಿಸ್ ತಯಾರಿಸತೊಡಗಿದಾಗ ಫ್ರೀಮಾಂಟ್‌ನ ಪಾಠ ರಾಮನಗರದ ಮಗ್ಗುಲಿಗೂ ಬಂತು. ಇಂದು ಅದೇ ಬಿಡದಿಯಲ್ಲಿ ಟೊಯೋಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ ತಯಾರಾಗುತ್ತವೆ. ಇವನ್ನು ಯಾವ ದೇಶದ ಕಾರೆಂದು ಕರೆಯುವುದು? ಬಾಳಿಕೆಯ ಹೆಸರು ಸುರಕ್ಷತೆಯ ಖಾತರಿಯೂ ಅಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಭಾರತದಲ್ಲಿ ಮಾರಾಟವಾಗುವ ಐದು ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗುದ್ದಿಸಿ ನೋಡಿತು. ಭಾರತ, ಜಪಾನ್, ಕೊರಿಯಾ, ಅಮೆರಿಕ, ಜರ್ಮನಿಯ ಹೆಸರು ಹೊತ್ತ ಆ ಐದಕ್ಕೂ ದೊಡ್ಡವರ ಸುರಕ್ಷತೆಯಲ್ಲಿ ಸಿಕ್ಕಿದ್ದು ಸೊನ್ನೆ.

ದೇಶದ ಹೆಸರನ್ನು ಬಿಟ್ಟು ಅಂಕಿಗಳನ್ನು ನಂಬಬೇಕಾದರೆ ಅವು ಜನರಿಗೆ ಸಿಗಬೇಕು. ಜರ್ಮನಿಯಲ್ಲಿ ತಪಾಸಣೆಯ ಫಲಿತಾಂಶ ಮಾಡೆಲ್‌ವಾರು ಪ್ರಕಟವಾಗುತ್ತದೆ. ಬ್ರಿಟನ್ ತನ್ನ ವಾರ್ಷಿಕ ತಪಾಸಣೆಯ ದತ್ತಾಂಶವನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ. ನಮ್ಮಲ್ಲೂ ಹಳದಿ ಬೋರ್ಡಿನ ಪ್ರತಿಯೊಂದು ಟ್ಯಾಕ್ಸಿ ನಿಗದಿತ ಅವಧಿಗೊಮ್ಮೆ ಫಿಟ್‌ನೆಸ್ ಪ್ರಮಾಣಪತ್ರಕ್ಕೆ ಹೋಗಲೇಬೇಕು. ಯಾವ ಮಾಡೆಲ್, ಎಷ್ಟು ವರ್ಷಕ್ಕೆ, ಯಾವ ದೋಷಕ್ಕೆ ತಪಾಸಣೆಯಲ್ಲಿ ಸೋತಿತು ಎಂಬ ವಿವರವನ್ನು, ಮಾಲೀಕರ ಹೆಸರು ಮತ್ತು ವಾಹನದ ನಂಬರು ತೆಗೆದು, ಸಾರಿಗೆ ಇಲಾಖೆ ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಸಾಲ ಮಾಡಿ ಕಾರು ಕೊಳ್ಳುವ ಟ್ಯಾಕ್ಸಿ ಚಾಲಕನಿಗೆ ಈ ಮಾಹಿತಿ ಸಿಗಲೇಬೇಕು.