ಇಮ್ಯುನಿಟಿ ಹೆಚ್ಚಿಸಿಕೊಂಡರೆ ಕ್ಯಾನ್ಸರ್ ಗಡ್ಡೆ ಕರಗುತ್ತದೆಯೇ?

‘ಈ ಕಷಾಯ ಕುಡಿಯಿರಿ, ಇಮ್ಯುನಿಟಿ ಹೆಚ್ಚಿ ಗಡ್ಡೆ ತಾನಾಗಿಯೇ ಕರಗುತ್ತದೆ’ ಎಂಬಂಥ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಲೇ ಇರುತ್ತವೆ. ಇದು ಸುಳ್ಳು. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಟಿ ಕೋಶ ಒಂದು ಬಗೆ. ಅನೇಕ ಗಡ್ಡೆಗಳ ಒಳಗೆ ಅವು ಆಗಲೇ ಸೇರಿಕೊಂಡಿರುತ್ತವೆ, ಆದರೆ ಸರಿಯಾಗಿ ಕೆಲಸ ಮಾಡುವುದಿಲ್ಲ.

ಏಕೆಂದು ಮೊಳಕಾಲ್ಮುರಿನ ರೇಷ್ಮೆ ಮಗ್ಗ ನೋಡಿದವರಿಗೆ ಬೇಗ ಹೊಳೆಯುತ್ತದೆ. ಹಾಸು ಅದೇ ಇದ್ದರೂ ಯಾವ ಎಳೆ ಮೇಲೇಳುತ್ತದೆ ಎಂಬುದರ ಮೇಲೆ ಬುಟ್ಟಾ ಬದಲಾಗುತ್ತದೆ. ಕೋಶದಲ್ಲೂ ಡಿಎನ್‌ಎ ಅದೇ. ಯಾವ ಜೀನ್ ಚಾಲೂ ಆಗಿದೆ ಎಂಬುದೇ ಅದರ ಕೆಲಸವನ್ನು ತೀರ್ಮಾನಿಸುತ್ತದೆ.

ವೈರಸ್ ಸೋಂಕಿದಾಗ ಟಿ-ಬೆಟ್ ಎಂಬ ಪ್ರೋಟೀನ್ ಟಿ ಕೋಶದಲ್ಲಿ ದಾಳಿಯ ಜೀನ್‌ಗಳನ್ನು ಎಬ್ಬಿಸುತ್ತದೆ. ಸೋಂಕು ಇಳಿದ ಮೇಲೆ ಹೆಚ್ಚಿನವು ಸಾಯುತ್ತವೆ. ಟಿಸಿಎಫ್-1 ಪ್ರೋಟೀನ್ ಉಳಿಸಿಕೊಂಡವು ನೆನಪಿನ ಕೋಶಗಳಾಗಿ ಬಾಳುತ್ತವೆ.

ಕ್ಯಾನ್ಸರ್‌ನಲ್ಲಿ ಶತ್ರು ಹೋಗುವುದೇ ಇಲ್ಲ. ಬಿಡುವಿಲ್ಲದೆ ಪ್ರಚೋದನೆಗೊಂಡ ಕೋಶದಲ್ಲಿ ಟಾಕ್ಸ್ ಎಂಬ ಪ್ರೋಟೀನ್ ಏರಿ, ಡಿಎನ್‌ಎ ಮಡಿಕೆಗಳೇ ಬದಲಾಗಿ ಕೋಶ ದಣಿಯುತ್ತದೆ. 2019ರಲ್ಲಿ ಹಲವು ಪ್ರಯೋಗಾಲಯಗಳು ಇದನ್ನು ತೋರಿಸಿದವು. ಮೇಲ್ಮೈಯಲ್ಲಿ ಪಿಡಿ-1 ಎಂಬ ಬ್ರೇಕ್ ಬೇರೆ! ಇಂಥ ಬ್ರೇಕ್ ಬಿಡಿಸುವ ಚಿಕಿತ್ಸೆಗೆ ದಾರಿ ತೋರಿದ ಜೇಮ್ಸ್ ಅಲಿಸನ್, ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಆ ಔಷಧಗಳೂ ಎಲ್ಲರಿಗೂ ಫಲಿಸುವುದಿಲ್ಲ, ಪೂರ್ತಿ ದಣಿದ ಕೋಶ ಮರಳುವುದು ಕಷ್ಟ. ಕಷಾಯಕ್ಕಂತೂ ಈ ಬೀಗ ತೆರೆಯುವ ಶಕ್ತಿ ಇದೆ ಎಂಬುದಕ್ಕೆ ಪುರಾವೆಯಿಲ್ಲ.

ಚಳ್ಳಕೆರೆಯಿಂದ ಬೆಂಗಳೂರು ದೂರ, ಖರ್ಚಿನ ಭಯವೂ ಇರುತ್ತದೆ, ನಿಜ. ಆದರೆ ಕಷಾಯ ಕುಡಿಯುತ್ತಾ ಕಳೆದ ತಿಂಗಳುಗಳಲ್ಲಿ ಗಡ್ಡೆ ಬೆಳೆಯುತ್ತಿರುತ್ತದೆ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಸಂಸ್ಥೆ; ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.