ಪಾರ್ಕಿನ್ಸನ್ ಕಾಯಿಲೆಯಲ್ಲಿ ಕರುಳಿನ ಸೂಕ್ಷ್ಮಾಣುಗಳ ಪಾತ್ರ: ಸಾಕ್ಷ್ಯಗಳ ಮರುಪರಿಶೀಲನೆ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರ ತಮ್ಮ ಪ್ರಬಂಧದಲ್ಲಿ ಕೈಕಾಲುಗಳ ನಡುಕದ ಜೊತೆಗೆ ಮಲಬದ್ಧತೆಯನ್ನೂ ದಾಖಲಿಸಿದ್ದರು. ಮುಂದೆ ನರವಿಜ್ಞಾನದ ಗಮನವೆಲ್ಲ ಮಿದುಳಿನಲ್ಲಿ ಸಾಯುವ ಡೋಪಮೈನ್ ಕೋಶಗಳತ್ತ ಹರಿದು, ಮಲಬದ್ಧತೆ ಒಂದು ಉಪದ್ರವವಾಗಿ ಬದಿಗೆ ಸರಿಯಿತು. ಅದನ್ನು ಮತ್ತೆ ಮುಂದಕ್ಕೆ ತಂದದ್ದು ಹವಾಯಿಯ ಹೊನೊಲುಲುವಿನಲ್ಲಿ 6,790 ಗಂಡಸರನ್ನು ದೀರ್ಘಕಾಲ ಗಮನಿಸಿದ ಅಧ್ಯಯನ. 2001ರಲ್ಲಿ ಪ್ರಕಟವಾದ ಅದರ ಪ್ರಕಾರ, ದಿನಕ್ಕೊಮ್ಮೆಯೂ ಮಲವಿಸರ್ಜನೆಯಾಗದವರಿಗೆ ಮುಂದೆ ಪಾರ್ಕಿನ್ಸನ್ ಬರುವ ಸಂಭವ, ದಿನಕ್ಕೊಮ್ಮೆ ಆಗುವವರಿಗಿಂತ 2.7 ಪಟ್ಟು ಹೆಚ್ಚು.

ಆದರೆ ಮಲಬದ್ಧತೆ ಕಾಯಿಲೆಯ ಕಾರಣವೋ, ಆಗಲೇ ಕರುಳಿನ ನರಗಳಲ್ಲಿ ಶುರುವಾಗಿರುವ ಕಾಯಿಲೆಯ ಮೊದಲ ಲಕ್ಷಣವೋ? ಜರ್ಮನಿಯ ಹೈಕೊ ಬ್ರಾಕ್ 2003ರಲ್ಲಿ ಮಂಡಿಸಿದ ಊಹೆ ಎರಡನೆಯದರ ಕಡೆಗಿದೆ: ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ಕರುಳಿನ ನರಗಳಲ್ಲಿ ವಿಕೃತವಾಗಿ ಗಂಟುಕಟ್ಟಿ, ವೇಗಸ್ ನರದ ಮೂಲಕ ಮಿದುಳಿಗೆ ಏರುತ್ತದೆ. ಹೊಟ್ಟೆಹುಣ್ಣಿಗಾಗಿ ಈ ನರದ ಮುಖ್ಯ ಕಾಂಡವನ್ನೇ ಕತ್ತರಿಸಿದವರಲ್ಲಿ ಕಾಯಿಲೆ ಕಡಿಮೆ ಎಂದು ಡೆನ್ಮಾರ್ಕ್ (2015) ಮತ್ತು ಸ್ವೀಡನ್ನಿನ (2017) ದಾಖಲೆಗಳು ಸೂಚಿಸಿದವು. ಡೆನ್ಮಾರ್ಕಿನದೇ ದಾಖಲೆಗಳ ಮತ್ತೊಂದು ವಿಶ್ಲೇಷಣೆಗೆ ಅಷ್ಟು ಖಚಿತತೆ ಕಾಣಲಿಲ್ಲ.

ಸೂಕ್ಷ್ಮಾಣುಗಳ ನೇರ ಪ್ರಭಾವವನ್ನು ತೋರಿಸಿದ್ದು 2016ರ ಕ್ಯಾಲ್ಟೆಕ್ ಪ್ರಯೋಗ. ಈ ಪ್ರೋಟೀನನ್ನು ಅತಿಯಾಗಿ ತಯಾರಿಸುವ ಇಲಿಗಳನ್ನು ಸೂಕ್ಷ್ಮಾಣುರಹಿತವಾಗಿ ಬೆಳೆಸಿದಾಗ ಚಲನೆಯ ತೊಂದರೆ ತಗ್ಗಿತು. ರೋಗಿಗಳ ಕರುಳಿನ ಸೂಕ್ಷ್ಮಾಣುಗಳನ್ನು ಅವಕ್ಕೆ ಕೊಟ್ಟಾಗ, ಆರೋಗ್ಯವಂತರಿಂದ ಪಡೆದವುಗಳಿಗಿಂತ ಹೆಚ್ಚು ಉಲ್ಬಣಿಸಿತು. ಪ್ರಯೋಗ ಚೊಕ್ಕಟವಾದದ್ದು. ಆದರೂ ವಂಶವಾಹಿ ಬದಲಿಸಿದ ಇಲಿಯಿಂದ ಅರುವತ್ತು ದಾಟಿದ ಮನುಷ್ಯನಿಗೆ ಜಿಗಿಯುವುದು ಅವಸರವಾಗುತ್ತದೆ. ಮನುಷ್ಯರಲ್ಲಿ ಆರೋಗ್ಯವಂತರ ಮಲದ ಸೂಕ್ಷ್ಮಾಣುಗಳನ್ನು ರೋಗಿಗಳಿಗೆ ಕಸಿಮಾಡಿದ ಪ್ರಯೋಗಗಳಲ್ಲಿ, 2024ರಲ್ಲಿ ಪ್ರಕಟವಾದ ಬೆಲ್ಜಿಯಂನದು ಅಲ್ಪ ಸುಧಾರಣೆ ಕಂಡರೆ, ಅದೇ ವರ್ಷದ ಫಿನ್ಲೆಂಡಿನದು ಪ್ರಯೋಜನ ಕಾಣಲಿಲ್ಲ.

ನನ್ನ ದೃಷ್ಟಿಯಲ್ಲಿ ಅತ್ಯಂತ ಗಟ್ಟಿ ಸಾಕ್ಷ್ಯವಿರುವುದು ಕಾಯಿಲೆಯ ಮೂಲದ ಬಗೆಗಲ್ಲ, ಔಷಧದ ಗತಿಯ ಬಗೆಗೆ. ಲೆವೊಡೋಪಾ ಮಿದುಳನ್ನು ಸೇರಿ ಅಲ್ಲಿ ಡೋಪಮೈನ್ ಆಗಬೇಕು. ದಾರಿಯಲ್ಲೇ ಅದು ಮಾರ್ಪಡದಿರಲೆಂದು ಕಾರ್ಬಿಡೋಪಾವನ್ನು ಜೊತೆಗೆ ಕೊಡುತ್ತೇವೆ. 2019ರಲ್ಲಿ ಎರಡು ಸ್ವತಂತ್ರ ತಂಡಗಳು ತೋರಿಸಿದಂತೆ, ಎಂಟೆರೊಕಾಕಸ್ ಫೀಕ್ಯಾಲಿಸ್ ಎಂಬ ಕರುಳಿನ ಬ್ಯಾಕ್ಟೀರಿಯಾದ ಟೈರೋಸಿನ್ ಡಿಕಾರ್ಬಾಕ್ಸಿಲೇಸ್ ಕಿಣ್ವ ಕರುಳಿನಲ್ಲಿಯೇ ಲೆವೊಡೋಪಾವನ್ನು ಡೋಪಮೈನ್ ಮಾಡಿಬಿಡುತ್ತದೆ. ಹೀಗಾದ ಡೋಪಮೈನ್ ರಕ್ತ-ಮಿದುಳು ತಡೆಗೋಡೆ ದಾಟಲಾರದು. ನಮ್ಮ ದೇಹದ ಕಿಣ್ವವನ್ನು ತಡೆಯುವ ಕಾರ್ಬಿಡೋಪಾ ಬ್ಯಾಕ್ಟೀರಿಯಾದ ಕಿಣ್ವವನ್ನು ಅಷ್ಟಾಗಿ ತಡೆಯದು. ಇನ್ನೊಂದು ಬ್ಯಾಕ್ಟೀರಿಯಾ, ಎಗ್ಗರ್ಥೆಲ್ಲಾ ಲೆಂಟಾ, ಆ ಡೋಪಮೈನನ್ನು ಮೆಟಾ-ಟೈರಮೈನ್ ಆಗಿ ಮಾರ್ಪಡಿಸುತ್ತದೆ. ಒಂದೇ ಪ್ರಮಾಣದ ಮಾತ್ರೆಗೆ ಇಬ್ಬರು ರೋಗಿಗಳು ಬೇರೆಬೇರೆಯಾಗಿ ಸ್ಪಂದಿಸುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಲೆವೊಡೋಪಾ ಹೀರಲ್ಪಡುವುದು ಸಣ್ಣಕರುಳಿನಲ್ಲಿ. ಬಹುತೇಕ ಅಧ್ಯಯನಗಳು ಪರೀಕ್ಷಿಸುವ ಮಲವಾದರೋ ಹೆಚ್ಚಾಗಿ ದೊಡ್ಡಕರುಳಿನ ಸ್ಥಿತಿಯನ್ನು ಹೇಳುತ್ತದೆ. ಸಣ್ಣಕರುಳಿನ ದ್ರವವನ್ನೇ ಪಡೆದು ಕಿಣ್ವದ ಪ್ರಮಾಣವನ್ನೂ ರಕ್ತದಲ್ಲಿನ ಲೆವೊಡೋಪಾ ಮಟ್ಟವನ್ನೂ ಒಂದೇ ರೋಗಿಯಲ್ಲಿ ಅಳೆಯುವ ಅಧ್ಯಯನ ತುರ್ತಾಗಿ ಆಗಬೇಕು. ನಮ್ಮಲ್ಲಿ ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಇದೆ, ಆಯುರ್ವೇದದ ಕಂಪವಾತ ಚಿಕಿತ್ಸೆಯಲ್ಲಿ ಅದು ಬಳಕೆಯಲ್ಲಿದೆ. ಅದರ ಪ್ರಯೋಗಗಳಲ್ಲೂ ಈ ಅಳತೆ ಸೇರಬೇಕು, ಏಕೆಂದರೆ ಬ್ಯಾಕ್ಟೀರಿಯಾದ ಕಿಣ್ವ ಬೀಜದ ಲೆವೊಡೋಪಾವನ್ನೂ ಮಾತ್ರೆಯದನ್ನೂ ಬೇರೆಯೆಂದು ಗುರುತಿಸದು.